ಎಡಸುತ್ತಿನ ಸ್ಪ್ರಿಂಗು

ಒರ್ನೆಲ್ಲಾಳ ಅಕ್ಕ ಹಳ್ಳಿಯ ಮನೆ ಮಾರಿ ಫೆಲ್ತ್ರೆ ಪೇಟೆಯ ಸಣ್ಣ ಫ್ಲ್ಯಾಟಿಗೆ ಹೊರಟಾಗ, ಅಟ್ಟದ ತೊಲೆಗೆ ನೇತುಹಾಕಿದ್ದ ಸೈಕಲ್ಲನ್ನು ಇಳಿಸಿ ತಂಗಿಗೆ ಕಳಿಸಿದಳು. ವ್ಯಾನಿನಿಂದ ಅದನ್ನು ಇಳಿಸಿಕೊಂಡವನು ಒರ್ನೆಲ್ಲಾಳ ಗಂಡ ಎಜಿದಿಯೋ. ತಿಳಿನೀಲಿ ಬಣ್ಣದ ಹಗುರವಾದ ರೇಸಿನ ಸೈಕಲ್ಲು, ಅಲ್ಲಲ್ಲಿ ತುಕ್ಕು. ಅಂಗಳಕ್ಕೆ ಬಂದ ಒರ್ನೆಲ್ಲಾ ಅದರ ಸೀಟಿನ ಮೇಲೆ ಕೈಯಿಟ್ಟು ನಿಂತುಕೊಂಡಳು. ಎಜಿದಿಯೋ ಆ ಕೈಯನ್ನೇ ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ತನ್ನ ಹೆಗಲ ಮೇಲೆ ಹಾಗೆ ಕೈಯಿಟ್ಟದ್ದು ಅವನಿಗೆ ನೆನಪಿರಲಿಲ್ಲ.

ಸೈಕಲ್ಲಿನ ಕಥೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಒರ್ನೆಲ್ಲಾ ಇಪ್ಪತ್ತರ ಹುಡುಗಿಯಾಗಿದ್ದಾಗ ರೇಸಿನಲ್ಲಿ ಓಡಿಸುತ್ತಿದ್ದಳು. ಆಗ ಅವಳ ಜೊತೆಗಿದ್ದವನು ಮಾರಿನೋ, ಸೈಕಲ್ಲಂಗಡಿಯವರ ಮಗ. ಇಬ್ಬರ ಮದುವೆಯೂ ಹೆಚ್ಚುಕಡಿಮೆ ಗೊತ್ತಾಗಿತ್ತು. ಒರ್ನೆಲ್ಲಾಳ ಬಲಗೈಯ ಎರಡು ಬೆರಳು ಚಿಕ್ಕಂದಿನಲ್ಲೇ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಮಡಚದಂತಾಗಿದ್ದವು. ಹಾಗಾಗಿ ಮಾರಿನೋ ಗೇರು ಬದಲಿಸುವ ಎರಡು ಲಿವರುಗಳನ್ನೂ ಚೌಕಟ್ಟಿನ ಎಡಗಡೆಗೇ ಬರುವ ಹಾಗೆ, ಒಂದರ ಪಕ್ಕ ಒಂದು, ತನ್ನ ಕೈಯಾರೆ ಮಾಡಿಕೊಟ್ಟಿದ್ದ. ಎಲ್ಲರ ಸೈಕಲ್ಲಿನಲ್ಲೂ ಒಂದು ಎಡಕ್ಕೆ, ಒಂದು ಬಲಕ್ಕೆ ಇದ್ದರೆ ಇವಳದರಲ್ಲಿ ಮಾತ್ರ ಹೀಗೆ. ಅದೇ ಲಿವರು ಒಂದು ಸೆಪ್ಟೆಂಬರಿನಲ್ಲಿ ಅವಳಿಗೆ ಕೈಕೊಟ್ಟಿತು. ಆ ದಿನ ಗೆದ್ದಿದ್ದರೆ ದೇಶದ ತಂಡಕ್ಕೆ ಆಯ್ಕೆಯಾಗಿ ಹಾಲೆಂಡಿಗೆ ಹೋಗುತ್ತಿದ್ದಳು. ಕ್ರೋಚೆ ದಿಬ್ಬದ ಕೊನೆಯ ಏರಿನಲ್ಲಿ, ಎಲ್ಲರಿಗಿಂತ ಮುಂದಿದ್ದಾಗ, ಲಿವರು ತಾನಾಗಿಯೇ ಜಾರಿತು. ಚೈನು ಸಣ್ಣ ಹಲ್ಲುಚಕ್ರಕ್ಕೆ ಬಿದ್ದು ಪೆಡಲ್ಲು ಕಲ್ಲಿನಂತಾಯಿತು. ಎಳೆದಳು, ಮತ್ತೆ ಜಾರಿತು. ಏಳೆಂಟು ಜನ ಅವಳನ್ನು ದಾಟಿ ಹೋದರು.

ಅವಳು ಹಾಲೆಂಡಿಗೆ ಹೋಗುವುದು ಮಾರಿನೋಗೆ ಇಷ್ಟವಿರಲಿಲ್ಲ. ಹಿಂದಿನ ವಾರವಷ್ಟೇ ಅದಕ್ಕೆ ಜಗಳವಾಗಿತ್ತು. ನೀನು ಬೇಕೆಂದೇ ಲಿವರು ಕೆಡಿಸಿದೆ ಎಂದು ಅವಳು ಅವನ ಅಂಗಡಿಗೆ ಹೋಗಿ ನಾಲ್ಕು ಜನರೆದುರು ಕೂಗಾಡಿದಳು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಲ್ಲಿಗೆ ಮುಗಿಯಿತು. ಒಂದೆರಡು ವರ್ಷ ಕಳೆದು ಒರ್ನೆಲ್ಲಾ ಕನ್ನಡಕದ ಫ್ಯಾಕ್ಟರಿಯಲ್ಲಿದ್ದ ಎಜಿದಿಯೋನನ್ನು ಮದುವೆಯಾದಳು.

ಇದನ್ನೆಲ್ಲ ಅವಳೇ ಅವನಿಗೆ ಹೇಳಿದ್ದಳು. ಎಜಿದಿಯೋಗೆ ಅದೊಂದು ನೆಮ್ಮದಿಯ ಕಥೆ. ಸಂತೆಯಲ್ಲಿ ಯಾವಾಗಲಾದರೂ ಮಾರಿನೋ ಎದುರಾದರೆ ಎಜಿದಿಯೋ ಕತ್ತು ನೆಟ್ಟಗೆ ಮಾಡಿಕೊಂಡು ನಡೆಯುತ್ತಿದ್ದ. ಆ ಮನುಷ್ಯ ಎತ್ತರವಾಗಿದ್ದ, ತಲೆ ತುಂಬ ಬಿಳಿ ಕೂದಲಿತ್ತು, ಎಜಿದಿಯೋಗೆ ಆ ಎರಡೂ ಇರಲಿಲ್ಲ. ಆದರೆ ಮೋಸಗಾರ ಅವನು, ತಾನಲ್ಲ. ಅಷ್ಟು ಸಾಕಾಗಿತ್ತು.

ಊರಿನಲ್ಲಿ ಪ್ರತಿ ಶರತ್ಕಾಲಕ್ಕೆ ಹಳೇ ಸೈಕಲ್ಲುಗಳ ಸವಾರಿ ನಡೆಯುತ್ತದೆ. ಉಣ್ಣೆಯ ಅಂಗಿ ತೊಟ್ಟ ಗಂಡಸರು ಹೆಂಗಸರು, ಅಪ್ಪ ತಾತಂದಿರ ಕಾಲದ ಸೈಕಲ್ಲು ಏರಿ ಮಣ್ಣುದಾರಿಗಳಲ್ಲಿ ಹೋಗುತ್ತಾರೆ. ಕ್ರೋಚೆ ದಿಬ್ಬವೂ ದಾರಿಯಲ್ಲೇ ಇದೆ. ಗೇರಿನ ಲಿವರು ಹ್ಯಾಂಡಲ್ಲಿನಲ್ಲಿರದೆ ಚೌಕಟ್ಟಿನ ಮೇಲೇ ಇರಬೇಕೆಂಬುದು ಅಲ್ಲಿನ ನಿಯಮ. ಸೈಕಲ್ಲು ಬಂದ ದಿನವೇ ಒರ್ನೆಲ್ಲಾ ಊಟಕ್ಕೆ ಕೂತಾಗ ಆ ಮಾತು ತೆಗೆದಳು.

"ಈ ಸಲ ನಾನೂ ಸವಾರಿಗೆ ಹೋಗ್ತೀನಿ."

"ಅದ್ರಲ್ಲೇ?"

"ಇನ್ಯಾವುದ್ರಲ್ಲಿ, ನಿನ್ನ ಕಾರಲ್ಲಾ? ಒಂದು ಸಲ ಆ ದಿಬ್ಬ ಹತ್ತಿ ಇಳಿದುಬಿಡ್ಬೇಕು ಕಣೋ. ಲಿವರು ಮಾತ್ರ ನಿಲ್ಲಲ್ಲ. ಜೀವನ ಪೂರ್ತಿ ಕನ್ನಡಕದ ತಿರುಪು ಕೂರಿಸಿದೋನು ನೀನು, ನೋಡು ಅದನ್ನ."

ಮರುದಿನ ಎಜಿದಿಯೋ ಸೈಕಲ್ಲನ್ನು ಷೆಡ್ಡಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದ. ಲಿವರು ನೋಡಿದ ಕೂಡಲೇ ಅವನಿಗೆ ಅರ್ಥವಾದದ್ದು, ಮಾಡಿದವನಿಗೆ ಕೆಲಸ ಗೊತ್ತಿತ್ತು ಎನ್ನುವುದು. ಹೊರಗಿನ ಲಿವರು ಒಂದು ಬೆರಳಿನಷ್ಟು ಉದ್ದ, ಒಳಗಿನದು ಗಿಡ್ಡ; ಕಣ್ಣು ಮುಚ್ಚಿ ಮುಟ್ಟಿದರೂ ಯಾವುದು ಯಾವುದೆಂದು ತಿಳಿಯುವ ಹಾಗೆ. ಎರಡರ ತುದಿಯಲ್ಲೂ ಅರದಿಂದ ಉಜ್ಜಿ ಮಾಡಿದ ಸಣ್ಣ ತಗ್ಗು. ಎಜಿದಿಯೋ ಅದರಲ್ಲಿ ತನ್ನ ಎಡ ಹೆಬ್ಬೆರಳು ಇಟ್ಟು ನೋಡಿದ. ಕೂರಲಿಲ್ಲ. ಅದು ಒರ್ನೆಲ್ಲಾಳ ಹೆಬ್ಬೆರಳಿಗೆಂದೇ ತೋಡಿದ ತಗ್ಗು, ಸ್ವಲ್ಪ ಒಳಕ್ಕೆ ಓರೆಯಾಗಿ, ಅವಳ ಹೆಬ್ಬೆರಳು ಇರುವ ಹಾಗೆಯೇ. ಅಂದರೆ ಆ ಮನುಷ್ಯ ಅವಳ ಕೈ ಹಿಡಿದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, ಮತ್ತೆ ಅರ ಹಿಡಿದು, ಮತ್ತೆ ಕೈ ಹಿಡಿದು ಇದನ್ನು ಮಾಡಿದ್ದಾನೆ. ಎಷ್ಟು ಸಂಜೆ ಹಿಡಿದಿತ್ತೋ.

ಎಜಿದಿಯೋಗೆ ಅಡುಗೆಮನೆ ನೆನಪಾಯಿತು. ಒರ್ನೆಲ್ಲಾ ಬಾಟಲಿಯ ಮುಚ್ಚಳ ತೆಗೆಯುವುದು ಅದನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು. ಕೀಲಿ ತಿರುಗಿಸುವುದು ಎಡಗೈಯಲ್ಲಿ, ಬಾಗಿಲಿಗೆ ಅಡ್ಡ ನಿಂತು. ಇವನು ಕಬ್ಬಿಣದ ಕೆಲಸ ಬಲ್ಲವನು, ದಿನವೂ ನೋಡುತ್ತಿದ್ದ, ಒಂದು ಹಿಡಿಯನ್ನಾದರೂ ಮಾಡಿಕೊಡಬೇಕೆಂದು ಹೊಳೆದಿರಲಿಲ್ಲ. ಷೆಡ್ಡಿನಲ್ಲಿ ಒಬ್ಬನೇ ಇದ್ದರೂ ಅವನ ಕಿವಿ ಬಿಸಿಯಾಯಿತು.

ಹೊಟ್ಟೆಯುರಿಯಿಂದಲೇ ಕೆಲಸಕ್ಕೆ ಕೂತ. ಹಳೆಯ ತಂತಿ ಕಿತ್ತು ಹೊಸದು ಹಾಕಿದ. ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದ. ತಿರುಪು ಬಿಗಿಮಾಡಿ ಅಂಗಳದಲ್ಲಿ ತಾನೇ ಓಡಿಸಿ ನೋಡಿದರೆ ಒಳಗಿನ ಗಿಡ್ಡ ಲಿವರು ಸರಿಯಾಗಿತ್ತು. ಹಿಂದಿನ ಚಕ್ರದ ಗೇರಿಗೆ ಸಂಬಂಧಪಟ್ಟ ಉದ್ದದ್ದು ಸಮನೆಲದಲ್ಲಿ ನಿಂತಿತು. ಇಗರ್ಜಿಯ ಹಿಂದಿನ ಏರಿನಲ್ಲಿ ಪೆಡಲ್ಲಿಗೆ ಭಾರ ಹಾಕಿದ್ದೇ ತಡ, ಮೆಲ್ಲಗೆ ಮುಂದಕ್ಕೆ ಜಾರಿ ಚೈನನ್ನು ಸಣ್ಣ ಹಲ್ಲುಚಕ್ರಕ್ಕೆ ಬಿಟ್ಟುಕೊಟ್ಟಿತು. ಇನ್ನೂ ಬಿಗಿಮಾಡಿದರೆ ಎಳೆಯಲಿಕ್ಕೇ ಬರುತ್ತಿರಲಿಲ್ಲ. ಹಿತ್ತಾಳೆ ವಾಷರು ಹಾಕಿದ, ಚರ್ಮದ ವಾಷರು ಕತ್ತರಿಸಿ ಹಾಕಿದ. ಹಿಂದಿನ ಗೇರು ತಂತಿಯನ್ನು ಜಾಸ್ತಿ ಜಗ್ಗುತ್ತಿದೆಯೇನೋ ಎಂದು ಅದನ್ನೂ ಬಿಚ್ಚಿ ನೋಡಿದ. ಏನು ಮಾಡಿದರೂ ಏರಿನಲ್ಲಿ ಅದೇ ಕಥೆ.

ಕೊನೆಗೆ ಲಿವರುಗಳನ್ನೇ ಪೂರ್ತಿ ಬಿಚ್ಚಿ ಹಳೆಯ ಪೇಪರಿನ ಮೇಲೆ ಹರಡಿದ. ಒಂದೊಂದರ ಒಳಗೂ ಒಂದು ಗುಂಡಿನ ಸುತ್ತ, ಅಂದರೆ ಲಿವರು ತಿರುಗುವ ಉರುಟು ಗೂಟದ ಸುತ್ತ, ಬಿಗಿಯಾಗಿ ಸುತ್ತಿಕೊಂಡ ಸ್ಪ್ರಿಂಗು. ಲಿವರನ್ನು ಹಿಂದಕ್ಕೆ ಎಳೆದಾಗ ಸ್ಪ್ರಿಂಗು ಸಡಿಲವಾಗಿ ದಾರಿ ಬಿಡಬೇಕು. ತಂತಿ ಅದನ್ನು ಮುಂದಕ್ಕೆ ಜಗ್ಗಿದಾಗ ಬಿಗಿದು ಗುಂಡನ್ನು ಕಚ್ಚಿ ಹಿಡಿಯಬೇಕು. ಜಾಣತನದ ಏರ್ಪಾಡು. ಎರಡು ಸ್ಪ್ರಿಂಗುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ಎಜಿದಿಯೋ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಒಂದು ಎಡಕ್ಕೆ ಸುತ್ತಿದ್ದು, ಇನ್ನೊಂದು ಬಲಕ್ಕೆ.

ಎರಡೂ ಲಿವರು ಎಡಗಡೆಗೇ ಇರುವುದರಿಂದ ಎರಡಕ್ಕೂ ಎಡಸುತ್ತೇ ಇರಬೇಕು. ಗಿಡ್ಡ ಲಿವರಿನದು ಕೈಯಿಂದ ಸುತ್ತಿದ ಎಡಸುತ್ತು, ತುದಿಗಳನ್ನು ಅರದಿಂದ ನುಣುಪಾಗಿಸಿತ್ತು. ಉದ್ದ ಲಿವರಿನದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪ್ರಿಂಗು. ಎಲ್ಲರ ಸೈಕಲ್ಲಿನಲ್ಲೂ ಹಿಂದಿನ ಗೇರಿನ ಲಿವರು ಬಲಗಡೆಗೇ ಇರುತ್ತದಾದ್ದರಿಂದ, ಯಾರೋ ಯೋಚನೆ ಮಾಡದೆ ಬಲಗಡೆಯದನ್ನು ತಂದು ತುರುಕಿದ್ದರು. ತಂತಿ ಜಗ್ಗಿದಾಗ ಅದು ಬಿಗಿಯುವ ಬದಲು ಸಡಿಲವಾಗುತ್ತಿತ್ತು.

ಆ ಮಧ್ಯಾಹ್ನ ಊಟದ ಹೊತ್ತಿಗೆ ಎಜಿದಿಯೋ ಏನೂ ಗೊತ್ತಿಲ್ಲದವನಂತೆ ಕೇಳಿದ: ಆ ರೇಸಿಗೆ ಮುಂಚೆ ಸೈಕಲ್ಲಿಗೆ ಯಾರಾದರೂ ಕೈ ಹಾಕಿದ್ದರಾ? ಒರ್ನೆಲ್ಲಾ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ಬಡಿಸುತ್ತ, ಮಾರಿನೋ ಜ್ವರ ಬಂದು ಮಲಗಿದ್ದನೆಂದೂ, ಹಿಂದಿನ ದಿನ ತಂಡದ ಮೆಕ್ಯಾನಿಕ್ಕು ಲಿವರು ಬಿಚ್ಚಿ ತೊಳೆದುಕೊಟ್ಟನೆಂದೂ ಹೇಳಿದಳು. ಬರೀ ತೊಳೆದದ್ದಷ್ಟೇ, ಅಂದಳು. ಎಜಿದಿಯೋ ತಟ್ಟೆಯ ಕಡೆ ನೋಡುತ್ತ ತುತ್ತು ನುಂಗಿದ. ಮೆಕ್ಯಾನಿಕ್ಕು ತೊಳೆಯುವಾಗ ಸ್ಪ್ರಿಂಗು ಮುರಿದಿರಬೇಕು, ಹೇಳಲು ಹೆದರಿ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾನೆ. ಹಾಸಿಗೆ ಹಿಡಿದಿದ್ದ ಮಾರಿನೋ ಯಾವ ತಪ್ಪನ್ನೂ ಮಾಡಿರಲಿಲ್ಲ.

ಹೇಳಬೇಕಿತ್ತು. ಬಾಯಿ ತೆಗೆದರೆ ಒಂದು ನಿಮಿಷದ ಮಾತು. ಆದರೆ ಆ ಮಾತು ಬಾಯಿಂದ ಬಿದ್ದರೆ ಮಾರಿನೋ ತೊಳೆದ ಮುತ್ತಿನ ಹಾಗೆ ಹೊರಗೆ ಬರುತ್ತಾನೆ. ಸುಳ್ಳು ಆಪಾದನೆಯನ್ನು ತುಟಿಪಿಟಿಕ್ಕೆನ್ನದೆ ಹೊತ್ತುಕೊಂಡ ಗಂಡಸು. ಮತ್ತೆ ಎಜಿದಿಯೋ? ಯಾರೋ ತಪ್ಪು ಸ್ಪ್ರಿಂಗು ಹಾಕಿದ್ದಕ್ಕೆ ಹೆಂಡತಿ ಸಿಕ್ಕಿದವನು.

ಅವನು ಊಟ ಮುಗಿಸಿ, ಕೈ ತೊಳೆದುಕೊಂಡು, ಲಿವರು ಮಾಡಿದವನ ಕೈಯಲ್ಲೇ ಕೆಟ್ಟಿದೆ, ರಿಪೇರಿ ಸಾಧ್ಯವಿಲ್ಲ ಎಂದ.

ಒರ್ನೆಲ್ಲಾಳ ಮುಖ ಬಿಗಿಯಿತು. "ಹಂಗಾದ್ರೆ ನಾನು ಅವತ್ತು ಹೇಳಿದ್ದೇ ಸರಿ. ಬೇಕಂತಲೇ ಮಾಡಿದ್ದ ಆ ಮನುಷ್ಯ."

ಆ ಮಾತು ಕೇಳಿ ಎಜಿದಿಯೋಗೆ ಸಕ್ಕರೆ ತಿಂದಂತಾಯಿತು. ಆದರೆ ಅದು ಗಂಟಲಿಳಿಯುವಷ್ಟರಲ್ಲೇ ಕಹಿಯಾಯಿತು. ಅವನು ಮಾಮೂಲು ಲಿವರು ತಂದು ಎಡಕ್ಕೊಂದು ಬಲಕ್ಕೊಂದು ಹಾಕಿಕೊಟ್ಟ. ಒರ್ನೆಲ್ಲಾ ಅಂಗಳದಲ್ಲಿ ಎರಡು ಸುತ್ತು ಹೋಗಿ ಇಳಿದಳು. ಬಲಗೈಯಲ್ಲಿ ಹಿಡಿಯಲಾಗುವುದಿಲ್ಲ, ನಿನಗೆ ಇಷ್ಟೂ ಗೊತ್ತಿಲ್ಲವಾ ಎಂದು ಕೇಳಿದಳು. ಆಮೇಲೆ ಒಂದು ಮಾತು ಸೇರಿಸಿದಳು:

"ಹಳೇದನ್ನ ಒಂದು ಡಬ್ಬೀಲಿ ಹಾಕ್ಕೊಡು. ನಾಳೆ ಮಾರಿನೋ ಮನೆಗೇ ಹೋಗ್ತೀನಿ. ಅವನ ಮೂಗಿನ ಕೆಳಗೆ ಹಿಡಿದು ಕೇಳ್ತೀನಿ, ಇದೇನಪ್ಪಾ ಅಂತ."

ಅವಳು ಮಾರಿನೋನ ಮನೆಯ ಮೆಟ್ಟಿಲು ಹತ್ತುವುದು, ಅವನು ಡಬ್ಬಿ ತೆಗೆದು ಒಂದೇ ನೋಟಕ್ಕೆ ವಿಷಯ ತಿಳಿದುಕೊಳ್ಳುವುದು, ಇಬ್ಬರ ತಲೆಯೂ ಆ ಸ್ಪ್ರಿಂಗಿನ ಮೇಲೆ ಒಟ್ಟಿಗೆ ಬಾಗುವುದು, ಎಲ್ಲ ಎಜಿದಿಯೋನ ಕಣ್ಣಿಗೆ ಕಟ್ಟಿತು. ಇನ್ನೊಂದೇ ಒಂದು ಸಲ ಪ್ರಯತ್ನ ಮಾಡುತ್ತೇನೆ, ಅವಸರ ಮಾಡಬೇಡ ಎಂದು ಗೋಗರೆದ. ಷೆಡ್ಡಿಗೆ ಹೋಗಿ ಗಟ್ಟಿ ಉಕ್ಕಿನ ತಂತಿ ಹುಡುಕಿ, ಗುಂಡಿಗಿಂತ ತುಸು ಸಣ್ಣ ಸರಳನ್ನು ಇಕ್ಕಳದಂಥ ವೈಸಿಗೆ ಕಚ್ಚಿಸಿ, ಎಡಕ್ಕೆ ಸುತ್ತತೊಡಗಿದ. ಮೊದಲನೆಯದು ಮುರಿಯಿತು. ಎರಡನೆಯದು ಸಡಿಲವಾಯಿತು. ಸಂಜೆಯ ಹೊತ್ತಿಗೆ ಬೆರಳೆಲ್ಲ ಗೀರಿ ಒಂದು ಸರಿಯಾಗಿ ಬಂತು. ತುದಿಗಳನ್ನು ಮಾರಿನೋ ಉಜ್ಜಿದ್ದಕ್ಕಿಂತ ನುಣುಪಾಗಿ ಉಜ್ಜಿದ. ಅದನ್ನು ಯಾರೂ ನೋಡುವುದಿಲ್ಲವೆಂದು ಗೊತ್ತಿದ್ದೂ ಉಜ್ಜಿದ.

ಮರುದಿನ ಇಗರ್ಜಿಯ ಹಿಂದಿನ ಏರನ್ನು ಒರ್ನೆಲ್ಲಾ ಹತ್ತಿ ಇಳಿದು, ಮತ್ತೆ ಹತ್ತಿದಳು. ಲಿವರು ಇಟ್ಟಲ್ಲಿ ಇಟ್ಟಂತೆ ನಿಂತಿತು. ಅವಳ ಮುಖ ಹೊಳೆಯುತ್ತಿತ್ತು. ಏನು ಮಾಡಿದೆ ಎಂದು ಕೇಳಿದ್ದಕ್ಕೆ, ಒಳಗೆ ಜಿಡ್ಡು ಸೇರಿತ್ತು, ತೆಗೆದೆ ಎಂದು ಎಜಿದಿಯೋ ಹೇಳಿಬಿಟ್ಟ.

"ಬರೀ ಜಿಡ್ಡಾ?" ಎಂದಳು ಅವಳು. "ಜಿಡ್ಡು ತೆಗೆಯೋಕೂ ಆಗಲಿಲ್ವಾ ಆ ಮಾರಿನೋ ಕೈಲಿ, ಅಷ್ಟು ದೊಡ್ಡ ಸೈಕಲ್ಲಂಗಡಿಯವನು."

ಅವಳು ಎಜಿದಿಯೋನ ಕೆನ್ನೆಗೆ ಮುತ್ತು ಕೊಟ್ಟು ಒಳಗೆ ಹೋದಳು. ಎಷ್ಟೋ ದಿನಕ್ಕೆ ಸಿಕ್ಕಿದ ಮುತ್ತು. ಆದರೂ ಅವನಿಗೆ ಅದನ್ನು ಅನುಭವಿಸಲಾಗಲಿಲ್ಲ. ಕದ್ದ ವಸ್ತುವನ್ನು ಜೇಬಿನಲ್ಲಿಟ್ಟುಕೊಂಡವನಂತೆ ಷೆಡ್ಡಿನ ಬಾಗಿಲಲ್ಲಿ ನಿಂತಿದ್ದ.

ಸವಾರಿಯ ದಿನ ಬಿಸಿಲು ಚೆನ್ನಾಗಿತ್ತು. ಎಜಿದಿಯೋ ಕಾರಿನಲ್ಲಿ ಮೊದಲೇ ಹೋಗಿ ಕ್ರೋಚೆ ದಿಬ್ಬದ ನೆತ್ತಿಯಲ್ಲಿ ಕಾದ. ಅಲ್ಲಿ ಊರಿನವರು ಮೇಜು ಹಾಕಿ ಬರುವವರಿಗೆಲ್ಲ ಬ್ರೆಡ್ಡು, ಸಾಸೇಜು, ಕೆಂಪು ವೈನು ಕೊಡುತ್ತಿದ್ದರು. ಮೇಜಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಊರುಗೋಲು ಹಿಡಿದು ಕೂತವನನ್ನು ಕಂಡು ಎಜಿದಿಯೋನ ಕಾಲು ನಿಂತುಹೋಯಿತು. ಮಾರಿನೋ. ಪ್ರತಿ ವರ್ಷವೂ ಸೈಕಲ್ಲು ನೋಡಲು ಬರುತ್ತಾನೆಂದು ಆಮೇಲೆ ತಿಳಿಯಿತು. ಒರ್ನೆಲ್ಲಾ ಬರುವುದು ಅವನಿಗೆ ಗೊತ್ತಿರಲಿಲ್ಲ.

ತಿರುವಿನಲ್ಲಿ ತಿಳಿನೀಲಿ ಬಣ್ಣ ಕಾಣಿಸಿತು. ಒರ್ನೆಲ್ಲಾ ಬಾಯಿಂದ ಉಸಿರು ಬಿಡುತ್ತ, ಬೆನ್ನು ಬಗ್ಗಿಸಿ, ಒಂದೇ ಸಮನೆ ತುಳಿಯುತ್ತ ಬರುತ್ತಿದ್ದಳು. ಕೊನೆಯ ಏರಿಗೆ ಎಡಗೈ ಕೆಳಗಿಳಿಸಿ ಹೆಬ್ಬೆರಳಿನಿಂದ ಲಿವರು ಎಳೆದಳು. ಚೈನು ಮೆತ್ತಗೆ ದೊಡ್ಡ ಹಲ್ಲುಚಕ್ರಕ್ಕೆ ಹತ್ತಿತು, ಹತ್ತಿದ್ದು ಅಲ್ಲೇ ಉಳಿಯಿತು. ಕಟ್ಟೆಯ ಮೇಲಿದ್ದ ಮಾರಿನೋ ಎದ್ದು ನಿಂತ. ಎಜಿದಿಯೋ ನೋಡಿದ್ದು ಹೆಂಡತಿಯನ್ನಲ್ಲ, ಆ ಮುದುಕನ ಮುಖವನ್ನು. ಅದರಲ್ಲಿದ್ದ ಸಂತೋಷ ನೋಡಿ ಅವನ ಹೊಟ್ಟೆ ಧಗಧಗ ಉರಿಯಿತು.

ಒರ್ನೆಲ್ಲಾ ಇಳಿದು, ಮಾರಿನೋನನ್ನು ಕಂಡು, ಸೈಕಲ್ಲನ್ನು ಕಟ್ಟೆಗೆ ಒರಗಿಸಿ ನೀರು ಕುಡಿಯಲು ತಿರುಗಿದಳು. ಮಾರಿನೋ ಬಗ್ಗಿ ಲಿವರನ್ನು ಮುಟ್ಟಿದ. ಉದ್ದದ್ದನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿ, ಕಿವಿ ಹತ್ತಿರ ತಂದು ಕೇಳಿದ. ಆಮೇಲೆ ಎಜಿದಿಯೋನ ಕಡೆ ತಿರುಗಿ ಮೆಲ್ಲಗೆ, "ಎಡಸುತ್ತು ಹಾಕಿದ್ದೀರಿ. ನೀವೇ ಸುತ್ತಿದ್ದಾ?" ಎಂದು ಕೇಳಿದ.

ಎಜಿದಿಯೋ ಹೌದೆಂದು ತಲೆಯಾಡಿಸಿದ.

"ಚೆನ್ನಾಗಿ ಸುತ್ತಿದ್ದೀರಿ," ಎಂದಷ್ಟೇ ಹೇಳಿ ಮಾರಿನೋ ಊರುಗೋಲು ತೆಗೆದುಕೊಂಡು ಹೊರಡಲು ಅಣಿಯಾದ.

ಅಂದರೆ ಆ ಮನುಷ್ಯನಿಗೆ ಗೊತ್ತಿತ್ತು. ಲಿವರಿನೊಳಗೆ ಬಲಸುತ್ತು ಸೇರಿದ್ದದ್ದು ಅವನಿಗೆ ಯಾವಾಗಲೋ ಗೊತ್ತಾಗಿತ್ತು. ಈಗ ಒಂದು ಮಾತು ಹೇಳಿದರೆ ಸಾಕು, ಆದರೂ ಹೇಳದೆ ಹೊರಟಿದ್ದಾನೆ. ಇನ್ನೊಂದು ಸಲ ಸುಮ್ಮನಿದ್ದು ಇನ್ನೊಂದು ಸಲ ದೊಡ್ಡವನಾಗಲು ಹೊರಟಿದ್ದಾನೆ. ಎಜಿದಿಯೋಗೆ ಅದನ್ನು ಸಹಿಸಲಾಗಲಿಲ್ಲ. ಒಳ್ಳೆಯತನದಿಂದಲ್ಲ, ಬರೀ ಹೊಟ್ಟೆಕಿಚ್ಚಿನಿಂದ ಅವನು ಹೆಂಡತಿಯನ್ನು ಕೂಗಿದ.

"ಒರ್ನೆಲ್ಲಾ, ಬಾ ಇಲ್ಲಿ. ಜಿಡ್ಡಲ್ಲ ಅದು. ನಾನು ಸುಳ್ಳು ಹೇಳಿದ್ದು. ನಿನ್ನ ತಂಡದ ಮೆಕ್ಯಾನಿಕ್ಕು ತಪ್ಪು ಸ್ಪ್ರಿಂಗು ಹಾಕಿದ್ದ, ಬಲಗಡೇದು. ಇವರು ಮಾಡಿದ್ದು ಸರಿಯಾಗೇ ಇತ್ತು."

ಒರ್ನೆಲ್ಲಾ ಕೈಯಲ್ಲಿ ಲೋಟ ಹಿಡಿದೇ ನಿಂತಳು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಮೊದಲು ಮಾರಿನೋನನ್ನೇ ಕೇಳಿದಳು, ನಿನಗೆ ಗೊತ್ತಿತ್ತಾ ಎಂದು. ಅವಳು ಕೂಗಾಡಿ ಹೋದ ಮೇಲೆ ಸೈಕಲ್ಲು ಕೆಲ ದಿನ ಅಂಗಡಿಯಲ್ಲೇ ಬಿದ್ದಿತ್ತು, ಆಗ ಬಿಚ್ಚಿ ನೋಡಿದೆ ಎಂದು ಅವನು ಹೇಳಿದ.

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಕೇಳೋಕೆ ಬಂದಿರಲಿಲ್ಲ, ಬೈಯೋಕೆ ಬಂದಿದ್ದೆ," ಎಂದ ಮಾರಿನೋ. "ನನಗೂ ಸೊಕ್ಕಿತ್ತು. ತಾನೇ ತಿಳ್ಕೊಂಡು ಬರಲಿ ಅಂತ ಕಾದೆ. ನೀನು ಬರಲಿಲ್ಲ. ಸ್ಪ್ರಿಂಗನ್ನ ಅದಕ್ಕೇ ಹಂಗೇ ಬಿಟ್ಟು ಕಳಿಸಿದೆ."

ಒರ್ನೆಲ್ಲಾ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಇಬ್ಬರೂ ಸರಿಯಾಗಿ ಸಿಕ್ಕಿದಿರಿ ನನಗೆ, ಎಂದಷ್ಟೇ ಅಂದು ಸೈಕಲ್ಲು ಹತ್ತಿ ಇಳಿಜಾರಿನಲ್ಲಿ ಹೊರಟುಹೋದಳು. ಯಾರೋ ಹಿಂದುಳಿದ ಗಂಡಸರಿಬ್ಬರ ಕೈಗೂ ಒಂದೊಂದು ಲೋಟ ವೈನು ಕೊಟ್ಟರು. ಕುಡಿದರು. ಮಾರಿನೋ ತನ್ನ ಮೊಣಕಾಲಿನ ಆಪರೇಷನ್ನಿನ ವಿಷಯ ತೆಗೆದ. ಎಜಿದಿಯೋ ಬೇಕಿಲ್ಲದಿದ್ದರೂ ಕೇಳಿಸಿಕೊಂಡ.

ಮನೆಯಲ್ಲಿ ಒರ್ನೆಲ್ಲಾ ಕೆಲವು ದಿನ ಗಂಡನ ಜೊತೆ ಉಪ್ಪು ಕೊಡು, ಕಿಟಕಿ ಮುಚ್ಚು ಎನ್ನುವಷ್ಟೇ ಮಾತಾಡಿದಳು. ಸುಳ್ಳು ಹೇಳಿದ್ದಕ್ಕಲ್ಲ, ಸುಳ್ಳು ಹೇಳಿ ಮುತ್ತು ತೆಗೆದುಕೊಂಡದ್ದಕ್ಕೆ ತನಗೆ ಸಿಟ್ಟು ಎಂದು ಒಂದು ಬೆಳಿಗ್ಗೆ ಅವಳೇ ತಿಳಿಸಿದಳು. ಆ ಗುರುವಾರ ಮಧ್ಯಾಹ್ನ ಒಳ್ಳೆಯ ಕೋಟು ಹಾಕಿಕೊಂಡು, ಮಾರಿನೋ ಮನೆಗೆ ಹೋಗಿ ಬರುತ್ತೇನೆ ಎಂದು ಹೇಳಿಯೇ ಹೊರಟಳು. ಎಜಿದಿಯೋ ಅಂಗಳ ಗುಡಿಸಿದ. ಗುಡಿಸಿದ್ದನ್ನೇ ಮತ್ತೆ ಗುಡಿಸಿದ. ಆ ಕೋಟು ಯಾಕೆ ಹಾಕಿಕೊಂಡಳು ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಬೆಳಕಿರುವಾಗಲೇ ಅವಳು ಹಿಂತಿರುಗಿದಳು. ಕ್ಷಮೆ ಕೇಳಿದೆ, ಅವನ ಹೆಂಡತಿ ಕಾಫಿ ಕೊಟ್ಟಳು, ಕೇಕು ಗಟ್ಟಿಯಾಗಿತ್ತು ಎಂದು ವರದಿ ಒಪ್ಪಿಸಿದಳು. ಎಜಿದಿಯೋ ಕುರ್ಚಿಯ ಅಂಚಿಗೆ ಕೂತು, ಇಷ್ಟು ದಿನ ಹಲ್ಲಿನ ಹಿಂದೆ ಹಿಡಿದಿಟ್ಟಿದ್ದ ಪ್ರಶ್ನೆಯನ್ನು ಕೇಳಿದ.

"ಅವಾಗ್ಲೇ ಗೊತ್ತಾಗಿದ್ರೆ, ಅವನನ್ನೇ ಮದುವೆ ಆಗ್ತಿದ್ಯಾ?"

ಒರ್ನೆಲ್ಲಾ ಕೋಟಿನ ಗುಂಡಿ ಬಿಚ್ಚುತ್ತ ಯೋಚಿಸಿದಳು. ಸಮಾಧಾನಕ್ಕೆಂದು ಸುಳ್ಳು ಹೇಳುವವಳಲ್ಲ ಅವಳು.

"ಆಗ್ತಿದ್ದೆ ಅನ್ಸುತ್ತೆ," ಎಂದಳು. "ಆಗಿ ಅವನ ಜೊತೆ ಸಾಯೋವರೆಗೂ ಮಾತು ಬಿಡಿಸೋದ್ರಲ್ಲೇ ಇರ್ತಿದ್ದೆ. ಇವತ್ತು ಕಾಫಿ ಮುಗಿಯೋವರೆಗೆ ಎಂಟು ಮಾತಾಡಿದಾನೆ ಅಷ್ಟೆ. ನೀನು ಕೊನೇಗಾದ್ರೂ ಬಾಯಿ ಬಿಟ್ಟೆ."

"ಹೊಟ್ಟೆಕಿಚ್ಚಿಗೆ ಬಿಟ್ಟೆ," ಎಂದ ಎಜಿದಿಯೋ.

"ಗೊತ್ತು ಕಣೋ. ನಿನ್ನ ಮುಖ ಅವತ್ತು ಬೀಟ್‌ರೂಟ್ ಆಗಿತ್ತು."

ಅವಳು ನಕ್ಕಳು, ಅವನು ನಗಲಿಲ್ಲ. ಆಗ್ತಿದ್ದೆ ಅನ್ನುವ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಅದು ಅಷ್ಟು ಸುಲಭಕ್ಕೆ ಹೊರಗೆ ಬರುವುದಿಲ್ಲವೆಂದು ಅವನಿಗೆ ತಿಳಿದಿತ್ತು. ಮುಂದಿನ ವಸಂತಕ್ಕೆ ಪಿಯಾವೆ ನದಿಯ ದಡದಲ್ಲಿ ಇನ್ನೊಂದು ಸವಾರಿ ಇದೆಯಂತೆ, ಮಾರಿನೋ ಹೇಳಿದ, ಹೋಗುವುದೇ ಸರಿ ಎನ್ನುತ್ತ ಒರ್ನೆಲ್ಲಾ ಸಾರಿಗೆ ಈರುಳ್ಳಿ ಹೆಚ್ಚತೊಡಗಿದಳು. ಅವನೂ ಬರುತ್ತಾನಾ ಎಂದು ಎಜಿದಿಯೋ ಕೇಳಿದ. ಬರಬಹುದು, ಎಂದಳು. ಎಜಿದಿಯೋ ತನ್ನ ಎತ್ತರಕ್ಕೆ ಸರಿಹೊಂದುವ ಹಳೆಯ ಸೈಕಲ್ಲು ಯಾರ ಹತ್ತಿರವಾದರೂ ಇದೆಯಾ ಎಂದು ಅವಳನ್ನೇ ವಿಚಾರಿಸತೊಡಗಿದ.